ಎಪ್ಪತ್ತು ಮೈಕ್ರಾನ್

ಮೊದಲ ರಾತ್ರಿ ಮೇಷ್ಟ್ರು ಕೇಳಿದ್ದು ಇಷ್ಟೇ:
ತಲೆಗೂದಲು, ಒಬ್ಬೊಬ್ಬರೂ ಒಂದು, ಕಿತ್ತು ಕೊಡಿ.

ನಲವತ್ತಾರು ದಾಟಿದ ಲೋರ್ನಾ ನಾನು,
ಬೆಳಗಿನ ಐದಕ್ಕೆದ್ದು ಶಾಲೆಯ ಹಳದಿ ಬಸ್ಸು ಓಡಿಸುವವಳು,
ಬಾಚಣಿಗೆಗೆ ಬಂದದ್ದನ್ನು ಲೆಕ್ಕವಿಡುವ ವಯಸ್ಸಿನವಳು,
ಕೇಳಿದ ಕೂಡಲೇ ಕಿತ್ತು ಕೊಟ್ಟೆ.
ಪಕ್ಕದ ಬೋಳುತಲೆಯ ಡೆಲ್ಬರ್ಟ್
ಗಡ್ಡದಿಂದ ಒಂದೆಳೆದು ಕಣ್ಣಲ್ಲಿ ನೀರು ತಂದುಕೊಂಡ.
ಕಾಲೇಜು ಎಂಬ ಕಟ್ಟಡದೊಳಗೆ
ಅದು ನನ್ನ ಮೊದಲ ನಗು.

ಮೈಕ್ರೋಮೀಟರಿನ ದವಡೆಯ ನಡುವೆ ಎಳೆ ಇಟ್ಟು
ಮೆಲ್ಲಗೆ ತಿರುಪಬೇಕು,
ಸಾಕು ಎಂದು ಅದೇ ಟಿಕ್ ಅನ್ನುವ ತನಕ.
ನನ್ನದು ಎಪ್ಪತ್ತು ಮೈಕ್ರಾನ್.
ನೋ ಪೊವಾಳ ಕಪ್ಪು ಕೂದಲು ತೊಂಬತ್ತು.
ಡೆಲ್ಬರ್ಟನ ಗಡ್ಡ ನೂರಾ ನಲವತ್ತು;
"ಪಾತ್ರೆ ತಿಕ್ಕಬಹುದು," ಅಂದ ಅವನೇ.
ಒಸ್ಟ್ರೋವ್ಸ್ಕಿ ಮೇಷ್ಟ್ರು ನಗಲಿಲ್ಲ.
"ನದಿಯಾಚೆ ಏಳುತ್ತಿರುವ ಆ ಚಿಪ್ ಕಾರ್ಖಾನೆಯಲ್ಲಿ
ಲೋರ್ನಾಳ ಈ ಎಳೆಯ ಅಗಲದಲ್ಲಿ
ಸಾವಿರ ಗೆರೆ ಎಳೆಯುತ್ತಾರೆ. ಬರೆದುಕೊಳ್ಳಿ."

ಒಮ್ಮೆ ಜನವರಿಯಲ್ಲಿ, ಮಂಜಿಗೆ ಜಾರಿದ ಬಸ್ಸು,
ಹಿಂದೆ ಮೂವತ್ತೊಂದು ಮಕ್ಕಳು, ಮುಂದೆ ಸೇತುವೆಯ ಕಟಾಂಜನ.
ಕೂದಲೆಳೆಯಲ್ಲಿ ಪಾರಾದೆ ಎಂದು
ಎಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ!
ಆ ರಾತ್ರಿ ಗೊತ್ತಾಯಿತು:
ಕೂದಲೆಳೆ ಎಂದರೆ ಬಹಳ ದೂರ.

ದಶಮಾಂಶದ ಲೆಕ್ಕ ಡಿಪೋದಲ್ಲಿ ಮಾಡುತ್ತೇನೆ,
ಹೀಟರಿನ ಬಾಯಿಗೆ ಕಾಲು ಚಾಚಿ,
ಹಾಜರಿ ಪುಸ್ತಕದ ಬೆನ್ನಿಗೆ.
ಸೊನ್ನೆಗಳು ಜಾಸ್ತಿಯಾದಷ್ಟೂ
ಸಂಖ್ಯೆ ಸಣ್ಣದಾಗುವುದು
ಈಗಲೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಅಪ್ಪ ಎರಕದ ಮನೆಯಿಂದ ಬರುತ್ತಿದ್ದುದು ಹಿಂಬಾಗಿಲಲ್ಲಿ.
ನೆಲಮಾಳಿಗೆಯಲ್ಲೇ ಬಟ್ಟೆ ಬಿಚ್ಚಿಸುತ್ತಿದ್ದಳು ಅಮ್ಮ.
ಕಿವಿಯ ಸುರುಳಿಯಲ್ಲಿ, ಕತ್ತಿನ ಮಡಿಕೆಯಲ್ಲಿ
ಸೀಮೆಎಣ್ಣೆಗೂ ಬಿಡದ ಮಸಿ.
ಪೆಟ್ಟಿಗೆಯಲ್ಲಿ ಮಲಗಿಸಿ, ಕೋಟು ತೊಡಿಸಿ,
ಕೈ ಮೇಲೆ ಕೈ ಇಟ್ಟಿದ್ದರಲ್ಲ,
ಆಗಲೂ ಉಗುರಂಚಿನಲ್ಲಿ ಇತ್ತು. ನಾನು ನೋಡಿದೆ.

ಎಂಟನೇ ವಾರ ನಮಗೆ ಬಿಳಿ ಉಡುಪು ಕೊಟ್ಟರು.
ಮೊದಲು ತಲೆಗವುಸು, ಆಮೇಲೆ ಮೇಲಂಗಿ, ಬೂಟು, ಕೊನೆಗೆ ಕೈಗವುಸು;
ನಡುವೆ ಎಲ್ಲಾದರೂ ತುದಿ ನೆಲ ಮುಟ್ಟಿತೋ, ಮತ್ತೆ ಮೊದಲಿಂದ.
ಪೌಡರ್ ಬೇಡ, ಸೆಂಟು ಬೇಡ,
ಸಿಗರೇಟು ಸೇದಿ ಬಂದವರ ಉಸಿರೂ ಬೇಡ.
ಗೋಡೆಯ ಮೇಲೊಂದು ಯಂತ್ರ ಗಾಳಿಯ ಕಣ ಎಣಿಸುತ್ತಿತ್ತು.
ಸುಮ್ಮನೆ ನಿಂತೆ: ಎಂಟು.
ಕೈ ಎತ್ತಿದೆ: ಇನ್ನೂರು.
ಚರ್ಮದ ಹೊಟ್ಟು, ರೆಪ್ಪೆಯ ತುಂಡು, ಮಾತಿನ ತುಂತುರು.
ಇಲ್ಲಿನ ಕೊಳೆ ನಾನೇ.

ಅಪ್ಪಾ, ನಿನಗೆ ಹೇಗೆ ಹೇಳಲಿ,
ಈಗ ಕಾರ್ಖಾನೆ ಬಾಗಿಲಲ್ಲೇ
ನಮ್ಮ ಬಟ್ಟೆ ಬದಲಿಸುತ್ತದೆ.

ಮೊದಲ ಸಿಲಿಕಾನ್ ಬಿಲ್ಲೆಯನ್ನು ಒಡೆದೆ.
ಸ್ಟೀರಿಂಗು ಹಿಡಿದ ಕೈ ಇದು, ಚಿಮುಟವನ್ನೂ ಹಾಗೇ ಹಿಡಿಯಿತು.
ಕೆರೆಯ ಮೇಲಿನ ಮಂಜಿನ ಪದರದ ಹಾಗೆ
ಸದ್ದಿಲ್ಲದೆ ಎರಡಾಯಿತು, ನಾಲ್ಕಾಯಿತು.
ಬರ್ಮಾದ ಗಡಿ ದಾಟಿ ಬಂದವಳು ನೋ ಪೊವಾ,
ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಅಜ್ಜಿಯ ಪಕ್ಕ ನೇಯ್ದವಳು,
ವಾರಕ್ಕೆ ಮೂರು ಮಾತಾಡಿದರೆ ಹೆಚ್ಚು.
ಬಳಿಗೆ ಬಂದು ಮುಸುಕಿನೊಳಗಿಂದಲೇ ಅಂದಳು:
"ಉಸಿರು ಬಿಡು. ಬಿಟ್ಟ ಮೇಲೆ ಎತ್ತು."
ಬಿಟ್ಟೆ.
ಎತ್ತಿದೆ.
ಬಿಲ್ಲೆಯೊಳಗೆ ಎರಡು ಕಣ್ಣು ಮಾತ್ರ ಕಂಡವು,
ಥೇಟ್ ಅಪ್ಪನವು.

ಸಂದರ್ಶನ ಬರುವ ಮಂಗಳವಾರ.
ಇವತ್ತು ಮಾತ್ರ ಬಸ್ಸು.
ಮೂರನೇ ಸೀಟಿನ ಟೋಬಿನ್ ಕಿಟಕಿಗೆ ಮೂಗೊತ್ತಿ
ಜೋರಾಗಿ ಸೀನಿದ. ಪಕ್ಕದ ಹುಡುಗಿ ಕಿರುಚಿದಳು.
ತಿರುವಿನಲ್ಲಿ ಬಿಸಿಲು ಅಡ್ಡ ಬಿದ್ದು
ಬಸ್ಸಿನ ತುಂಬ ದೂಳು ಎದ್ದು ಕಂಡಿತು,
ಬಿಸ್ಕತ್ತಿನ ಪುಡಿ, ಉಣ್ಣೆ, ಮಕ್ಕಳ ಮೈ,
ಚಿನ್ನದ ಬಣ್ಣದಲ್ಲಿ ಲಕ್ಷಾಂತರ.

ಎಣಿಸದೆ ಬ್ರೇಕು ಬಿಟ್ಟೆ.